ಮದ್ದಾಗುವ ವಿಷ: ಚೀನಾದ ‘ಫೂಝಿ’ ಬೇರು ಕಲಿಸುವ ಪಾಠ

“ಗಿಡಮೂಲಿಕೆ ಔಷಧ ತಾನೇ, ಅದರಿಂದ ಅಡ್ಡಪರಿಣಾಮವೇನೂ ಆಗುವುದಿಲ್ಲ” ಎಂಬ ಮಾತನ್ನು ನೀವು ಎಷ್ಟು ಸಲ ಕೇಳಿರಬಹುದು? ಮಂಡಿನೋವಿಗೆ ಯಾರೋ ಕೊಟ್ಟ ಪುಡಿ, ಬೆನ್ನುನೋವಿಗೆ ಪರವೂರಿನಿಂದ ತರಿಸಿದ ಬೇರು, ವಿದೇಶದಿಂದ ಬಂದವರು ತಂದುಕೊಟ್ಟ ಮಾತ್ರೆ ಇವೆಲ್ಲ ಈ ಒಂದು ಮಾತಿನ ಧೈರ್ಯದಲ್ಲೇ ನಮ್ಮ ಮನೆಯ ಹಿರಿಯರ ಹೊಟ್ಟೆ ಸೇರುತ್ತವೆ. ಸಸ್ಯದಿಂದ ಬಂದದ್ದು ಸೌಮ್ಯವಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಎರಡು ಸಾವಿರ ವರ್ಷಗಳಿಂದ ಚೀನಾದ ವೈದ್ಯರು ಮದ್ದಾಗಿ ಬಳಸುತ್ತಾ ಬಂದಿರುವ, ಅಷ್ಟೇ ಕಾಲದಿಂದ ವಿಷವೆಂದು ಹೆದರುತ್ತಲೂ ಬಂದಿರುವ ಒಂದು ಬೇರಿನ ಬಗ್ಗೆ ಈ ಸಲ ತಿಳಿಯೋಣ. ಅದರ ಹತ್ತಿರದ ಬಂಧು ನಮ್ಮ ದೇಶದ ಔಷಧಗಳಲ್ಲೂ ಇದೆ. ಆದ್ದರಿಂದ ಇದು ದೂರದ ಚೀನಾದ ವಿಷಯ ಮಾತ್ರವಲ್ಲ.

ಯಾವುದು ಈ ಗಿಡ?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕೋನಿಟಮ್ ಕಾರ್ಮೈಕೇಲಿ. ಅಕೋನಿಟಮ್ ಒಂದು ದೊಡ್ಡ ಕುಲ. ಉತ್ತರ ಗೋಳಾರ್ಧದ ತಂಪು ಗುಡ್ಡಗಾಡುಗಳಲ್ಲಿ ಇದರ 200ಕ್ಕೂ ಹೆಚ್ಚು ಜಾತಿಗಳು ಬೆಳೆಯುತ್ತವೆ. ಹೂವು ನೋಡಲು ಸುಂದರ. ನೀಲಿ ಅಥವಾ ನೇರಳೆ ಬಣ್ಣದ್ದು, ತಲೆಗೆ ಮುಸುಕು ಹಾಕಿದಂಥ ಆಕಾರದ್ದು. ವಿಷ ಇಡೀ ಗಿಡದಲ್ಲಿದೆ. ಎಲೆ, ಹೂವು, ಬೀಜ ಯಾವುದೂ ಇದಕ್ಕೆ ಹೊರತಲ್ಲ. ಆದರೆ ಹೆಚ್ಚಿನ ಪ್ರಮಾಣದಲ್ಲಿರುವುದು ನೆಲದೊಳಗಿನ ಗೆಡ್ಡೆಯಲ್ಲಿ.

ಚೀನಾದ ವೈದ್ಯರು ಈ ಗೆಡ್ಡೆಯನ್ನು ಎರಡಾಗಿ ನೋಡುತ್ತಾರೆ. ನಡುವಿನ ತಾಯಿಗೆಡ್ಡೆಗೆ ‘ವೂಟೌ’ ಎಂದು ಹೆಸರು. ಹಾಗೆಂದರೆ ಕಾಗೆಯ ತಲೆ. ಕಪ್ಪಗೆ, ಮೊನಚಾಗಿ ಇರುವುದರಿಂದ ಈ ಹೆಸರು. ಸಿಚುವಾನ್ ಪ್ರಾಂತ್ಯದಲ್ಲಿ ಬೆಳೆದದ್ದನ್ನು ‘ಚುವಾನ್‌ವೂ’ ಎನ್ನುತ್ತಾರೆ. ತಾಯಿಗೆಡ್ಡೆಯ ಪಕ್ಕಕ್ಕೆ ಅಂಟಿಕೊಂಡು ಬೆಳೆಯುವ ಮರಿಗೆಡ್ಡೆಯೇ ‘ಫೂಝಿ’. ಅಂಟಿಕೊಂಡ ಮಗು ಎಂಬುದು ಅದರ ಅರ್ಥ. ಸಿಚುವಾನಿನ ಜಿಯಾಂಗ್‌ಯೂ ಎಂಬ ಊರು ಫೂಝಿ ಬೆಳೆಗೆ ಹೆಸರಾದ ಸ್ಥಳ. ಇದಲ್ಲದೆ ಕಾಡಿನಲ್ಲಿ ಬೆಳೆಯುವ ಇನ್ನೊಂದು ಜಾತಿಯ ಬೇರು ‘ಚಾವೋವೂ’ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ.

ಬಾಣಕ್ಕೂ ಬೇಕು, ಮದ್ದಿಗೂ ಬೇಕು

ಮನುಷ್ಯ ಈ ಬೇರನ್ನು ಬಾಣದ ತುದಿಗೂ ಸವರಿದ. ಚೀನಾದಲ್ಲಿ, ಹಿಮಾಲಯದ ಬೆಟ್ಟಗಳಲ್ಲಿ, ಜಪಾನಿನ ಉತ್ತರದ ಐನು ಜನರಲ್ಲಿ ಅಕೋನಿಟಮ್ ವಿಷದ ಬಾಣಗಳು ಬೇಟೆಗೆ ಬಳಕೆಯಾಗುತ್ತಿದ್ದವು.

ಚೀನಾದ ಅತ್ಯಂತ ಹಳೆಯ ಔಷಧ ಗ್ರಂಥವಾದ ‘ಶೆನ್‌ನೊಂಗ್ ಬೆನ್‌ಚಾವೋ ಜಿಂಗ್’ ಮದ್ದುಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸುತ್ತದೆ. ಮೇಲಿನ ದರ್ಜೆಯವು ದೀರ್ಘಕಾಲ ಸೇವಿಸಬಹುದಾದವು. ಕೆಳಗಿನ ದರ್ಜೆಯವು ವಿಷವುಳ್ಳವು, ರೋಗಕ್ಕೆ ಬೇಕಾದಷ್ಟೇ ಕೊಟ್ಟು ನಿಲ್ಲಿಸಬೇಕಾದವು. ಫೂಝಿಗೆ ಸಿಕ್ಕಿದ್ದು ಈ ಕೆಳಗಿನ ದರ್ಜೆ. ಅಂದರೆ ಇದು ವಿಷವೆಂದು ಹಳಬರಿಗೆ ಮೊದಲೇ ಗೊತ್ತಿತ್ತು. “ನಮ್ಮ ಹಿರಿಯರು ಸಾವಿರಾರು ವರ್ಷ ಬಳಸಿದ್ದಾರೆ” ಎಂದು ಈಗ ಮಾರುವವರು ಹೇಳುತ್ತಾರಲ್ಲ, ಆ ಹಿರಿಯರು ಎಷ್ಟು ಎಚ್ಚರಿಕೆಯಿಂದ ಬಳಸಿದರು ಎಂಬುದನ್ನು ಹೇಳುವುದಿಲ್ಲ.

ಎಚ್ಚರಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಇತಿಹಾಸದಲ್ಲೇ ಒಂದು ಪ್ರಸಿದ್ಧ ಪ್ರಕರಣವಿದೆ. ಹಾನ್ ವಂಶದ ಚಕ್ರವರ್ತಿ ಕ್ಸುವಾನನ ರಾಣಿ ಕ್ಸು ಪಿಂಗ್‌ಜುನ್ ಕ್ರಿ.ಪೂ. 71ರಲ್ಲಿ ಹೆರಿಗೆಯಾಗಿ ಬಾಣಂತಿಯಾಗಿದ್ದಳು. ತನ್ನ ಮಗಳನ್ನು ರಾಣಿಯಾಗಿಸಬೇಕೆಂದಿದ್ದ ಪ್ರಬಲ ಮಂತ್ರಿಯ ಹೆಂಡತಿಯೊಬ್ಬಳು ಅರಮನೆಯ ವೈದ್ಯೆಯನ್ನು ಒಲಿಸಿಕೊಂಡಳು. ವೈದ್ಯೆ ಫೂಝಿಯ ಪುಡಿಯನ್ನು ಬಾಣಂತಿಯ ಮದ್ದಿನ ಗುಳಿಗೆಯಲ್ಲಿ ಸೇರಿಸಿ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲೇ ರಾಣಿಗೆ ತಲೆ ಭಾರವಾಯಿತು, ಸಂಕಟವಾಯಿತು, ಮದ್ದಿನಲ್ಲಿ ವಿಷವಿದೆಯೇ ಎಂದು ಅವಳಿಗೇ ಅನುಮಾನ ಬಂತು. ಅವಳು ಉಳಿಯಲಿಲ್ಲ. ಹಾನ್ ವಂಶದ ಅಧಿಕೃತ ಇತಿಹಾಸ ಗ್ರಂಥ ಇದನ್ನು ದಾಖಲಿಸಿದೆ. ಮದ್ದೆಂದು ನಂಬಿ ನುಂಗಿದ ಗುಳಿಗೆಯೇ ಪ್ರಾಣ ತೆಗೆಯಿತು.

ಹಾಗಾದರೆ ಇದನ್ನು ಯಾಕೆ ಕೊಡುತ್ತಾರೆ?

ಚೀನಾದ ವೈದ್ಯ ಪದ್ಧತಿಯ ಪ್ರಕಾರ ಫೂಝಿ ಅತಿ ಉಷ್ಣ ಗುಣದ ಮದ್ದು. ಕೈಕಾಲು ತಣ್ಣಗಾಗಿ, ನಾಡಿ ಕ್ಷೀಣಿಸಿ, ರೋಗಿ ಕುಸಿಯುತ್ತಿರುವಾಗ ದೇಹದ ಕಾವನ್ನು ಮರಳಿಸಲು ಇದನ್ನು ಬಳಸುತ್ತಾರೆ. ಸುಮಾರು 1800 ವರ್ಷಗಳ ಹಿಂದೆ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯರು ಫೂಝಿ, ಒಣಶುಂಠಿ ಮತ್ತು ಜ್ಯೇಷ್ಠಮಧು ಸೇರಿದ ‘ಸಿನಿ’ ಕಷಾಯವನ್ನು ವಿವರಿಸಿದ್ದಾರೆ. ಹೆಸರಿನ ಅರ್ಥವೇ ತಣ್ಣಗಾದ ನಾಲ್ಕು ಅಂಗಗಳು, ಅಂದರೆ ಕೈಕಾಲುಗಳು ಎಂದು. ತಾಯಿಗೆಡ್ಡೆ ಮತ್ತು ಕಾಡುಬೇರುಗಳು ಹೆಚ್ಚಾಗಿ ಗಂಟುನೋವು, ವಾತ, ಸೊಂಟನೋವಿನ ಮದ್ದುಗಳಲ್ಲಿ ಸೇರುತ್ತವೆ. ಜಪಾನಿನ ಕಾಂಪೋ ಪದ್ಧತಿಯಲ್ಲೂ ಇದೇ ಬೇರು ‘ಬುಶಿ’ ಎಂಬ ಹೆಸರಿನಲ್ಲಿ ಇದೆ.

ಇದು ಬರೀ ನಂಬಿಕೆಯಲ್ಲ. ಫೂಝಿಯಲ್ಲಿ ಹೈಜೆನಮೈನ್ ಎಂಬ ವಸ್ತು ಇದ್ದು, ಅದು ಹೃದಯದ ಬಡಿತದ ವೇಗ ಮತ್ತು ಬಲ ಎರಡನ್ನೂ ಹೆಚ್ಚಿಸುತ್ತದೆ. ಕ್ರೀಡಾಪಟುಗಳು ಇದನ್ನು ಬಳಸುವಂತಿಲ್ಲ ಎಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ 2017ರಿಂದ ಹೆಸರು ಹಾಕಿಯೇ ಹೇಳಲಾಗಿದೆ. ಇದೇ ಕುಲದ ಬೇರೆ ಜಾತಿಗಳಿಂದ ಬೇರ್ಪಡಿಸಿದ ಲ್ಯಾಪಕೋನಿಟಿನ್, ಬುಲೇಯಕೋನಿಟಿನ್ ಎಂಬ ವಸ್ತುಗಳನ್ನು ಚೀನಾದಲ್ಲಿ ನೋವು ನಿವಾರಕಗಳಾಗಿ ಬಳಸುತ್ತಾರೆ. ಆದರೆ ಅಲ್ಲಿ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡಲಾಗುತ್ತದೆ. ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬೇರಿನ ಪುಡಿಗೆ ಅಂಥ ಅಳತೆ ಇರುವುದಿಲ್ಲ.

ವಿಷ ಕೆಲಸ ಮಾಡುವ ಬಗೆ

ಈ ಬೇರಿನ ಮುಖ್ಯ ವಿಷ ಅಕೋನಿಟಿನ್. ಇದು ಏನು ಮಾಡುತ್ತದೆಂದು ತಿಳಿದರೆ ಲಕ್ಷಣಗಳೂ ಅರ್ಥವಾಗುತ್ತವೆ.

ನಮ್ಮ ನರ, ಸ್ನಾಯು ಮತ್ತು ಹೃದಯದ ಜೀವಕೋಶಗಳ ಗೋಡೆಯಲ್ಲಿ ಸೋಡಿಯಂ ಒಳಗೆ ಬರಲು ಪುಟ್ಟ ಬಾಗಿಲುಗಳಿವೆ. ಬಾಗಿಲು ಕ್ಷಣಮಾತ್ರ ತೆರೆದಾಗ ಒಂದು ವಿದ್ಯುತ್ ಸಂಕೇತ ಹೊರಡುತ್ತದೆ. ಕೂಡಲೇ ಮುಚ್ಚಿಕೊಂಡು ಮುಂದಿನ ಸಂಕೇತಕ್ಕೆ ಸಿದ್ಧವಾಗುತ್ತದೆ. ಹೃದಯ ತಾಳ ತಪ್ಪದೆ ಬಡಿಯುವುದು ಈ ತೆರೆ-ಮುಚ್ಚು ಸರಿಯಾಗಿ ನಡೆಯುವುದರಿಂದಲೇ. ಅಕೋನಿಟಿನ್ ಈ ಬಾಗಿಲಿಗೆ ಅಂಟಿಕೊಂಡು ಅದು ಮುಚ್ಚದಂತೆ ಮಾಡುತ್ತದೆ. ಸೋಡಿಯಂ ಒಳಗೆ ನುಗ್ಗುತ್ತಲೇ ಇರುತ್ತದೆ. ನರಗಳು ಮೊದಲು ಕೆರಳಿ, ಆಮೇಲೆ ಸೋತು ಮರಗಟ್ಟುತ್ತವೆ. ಹೃದಯ ತಾಳ ತಪ್ಪಿ ಅಡ್ಡಾದಿಡ್ಡಿ ಬಡಿಯತೊಡಗುತ್ತದೆ. ಸಾವು ಬರುವುದು ಹೆಚ್ಚಾಗಿ ಹೀಗೆಯೇ.

ಇದಕ್ಕೆ ಬೇಕಾದ ಪ್ರಮಾಣ ಅತ್ಯಲ್ಪ. ಶುದ್ಧ ಅಕೋನಿಟಿನ್ ಸುಮಾರು 2 ಮಿಲಿಗ್ರಾಂನಷ್ಟು ಹೊಟ್ಟೆ ಸೇರಿದರೆ ವಯಸ್ಕನ ಪ್ರಾಣಕ್ಕೇ ಅಪಾಯ ಎನ್ನಲಾಗುತ್ತದೆ. ಉಪ್ಪಿನ ಕೆಲವು ಹರಳುಗಳಷ್ಟು ಎಂದರೆ ಅಂದಾಜಾಗಬಹುದು.

ವಿಷ ಇಳಿಸುವ ವಿಧಾನ

ಇಷ್ಟು ಭಯಂಕರ ಬೇರನ್ನು ಮದ್ದಾಗಿಸಿದ್ದು ಸಂಸ್ಕರಣೆ. ಗೆಡ್ಡೆಗಳನ್ನು ಅಗೆದ ಮೇಲೆ ಉಪ್ಪಿನ ತಯಾರಿಕೆಯಲ್ಲಿ ಉಳಿಯುವ ಕಹಿ ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ, ಬೇಯಿಸಿ, ಹೋಳು ಮಾಡಿ, ನೀರು ಬದಲಿಸುತ್ತಾ ತೊಳೆದು, ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ‘ಕಪ್ಪು ಹೋಳು’, ‘ಬಿಳಿ ಹೋಳು’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಹೀಗೆ ಸಂಸ್ಕರಿಸಿದ್ದೇ.

ದೀರ್ಘಕಾಲ ಬಿಸಿನೀರಿನಲ್ಲಿ ಬೆಂದಾಗ ಅಕೋನಿಟಿನ್ ಒಡೆಯುತ್ತದೆ. ಮೊದಲ ಹಂತದಲ್ಲಿ ಬೆಂಝಾಯಿಲಕೋನಿನ್ ಆಗುತ್ತದೆ. ಇದರ ವಿಷ ಮೂಲದ ಸುಮಾರು 200ರಲ್ಲಿ ಒಂದು ಪಾಲು. ಇನ್ನೂ ಬೆಂದರೆ ಅಕೋನಿನ್ ಆಗುತ್ತದೆ. ಇದರ ವಿಷ ಸುಮಾರು 2000ದಲ್ಲಿ ಒಂದು ಪಾಲು. ಮೈಕ್ರೋಸ್ಕೋಪು, ಪ್ರಯೋಗಾಲಯ ಯಾವುದೂ ಇಲ್ಲದ ಕಾಲದಲ್ಲಿ ವೈದ್ಯರು ಅನುಭವದಿಂದ ಕಂಡುಕೊಂಡ ವಿಧಾನವನ್ನು ರಸಾಯನಶಾಸ್ತ್ರ ಈಗ ಹೀಗೆ ವಿವರಿಸುತ್ತದೆ.

ಸಂಸ್ಕರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಫೂಝಿಯನ್ನು ಉಳಿದ ಮೂಲಿಕೆಗಳಿಗಿಂತ ಮೊದಲೇ ಪಾತ್ರೆಗೆ ಹಾಕಿ ದೀರ್ಘಕಾಲ ಕುದಿಸಬೇಕು ಎಂಬುದು ಚೀನಾದ ಔಷಧಸಂಹಿತೆಯ ನಿಯಮ. ಸಂಸ್ಕರಿಸಿದ ಫೂಝಿಗೆ ದಿನಕ್ಕೆ 3ರಿಂದ 15 ಗ್ರಾಂ, ಸಂಸ್ಕರಿಸಿದ ಚುವಾನ್‌ವೂ, ಚಾವೋವೂಗಳಿಗೆ 1.5ರಿಂದ 3 ಗ್ರಾಂ ಎಂದು ಅದು ಮಿತಿ ಹಾಕಿದೆ. ಇದು ವೈದ್ಯರಿಗಾಗಿ ಇರುವ ಅಳತೆ, ಮನೆಯಲ್ಲಿ ಪ್ರಯೋಗಿಸಲು ಅಲ್ಲ. ಗರ್ಭಿಣಿಯರಿಗೆ ಇದು ನಿಷಿದ್ಧ. ಜೊತೆಗೆ ಸೇರಿಸಬಾರದ ಮೂಲಿಕೆಗಳ ಪಟ್ಟಿಯೂ ಇದೆ. ಹಸಿ, ಅಂದರೆ ಸಂಸ್ಕರಿಸದ ಚುವಾನ್‌ವೂ, ಚಾವೋವೂ, ಫೂಝಿಗಳನ್ನು ಚೀನಾ ಸರಕಾರ 1988ರಲ್ಲಿ 28 ವಿಷಮೂಲಿಕೆ ಮದ್ದುಗಳ ಪಟ್ಟಿಗೆ ಸೇರಿಸಿ ಮಾರಾಟಕ್ಕೆ ಕಡಿವಾಣ ಹಾಕಿತು. ಹಾಂಗ್‌ಕಾಂಗ್‌ನ 1999ರ ಚೀನೀ ವೈದ್ಯಕೀಯ ಕಾನೂನಿನ ಮೊದಲ ಅನುಸೂಚಿಯಲ್ಲಿರುವ 31 ತೀವ್ರ ಮೂಲಿಕೆಗಳಲ್ಲೂ ಇವು ಸೇರಿವೆ.

ಇಷ್ಟಾದರೂ ಅನಾಹುತ ಯಾಕೆ?

ನಿಯಮವಿದ್ದರೂ ಪ್ರತಿವರ್ಷ ಈ ಬೇರಿನಿಂದ ಜನ ಆಸ್ಪತ್ರೆ ಸೇರುತ್ತಾರೆ. ಕಾರಣಗಳು ಹೆಚ್ಚುಕಡಿಮೆ ಇವೇ:

1. ಕಷಾಯವನ್ನು ಸಾಕಷ್ಟು ಹೊತ್ತು ಕುದಿಸದಿರುವುದು. ಅವಸರದಲ್ಲಿ ಒಲೆ ಬೇಗ ಆರಿಸಿದರೆ ವಿಷ ಒಡೆಯದೆ ಉಳಿಯುತ್ತದೆ.

2. ಬೇಗ ಗುಣವಾಗಲೆಂದು ಹೇಳಿದ್ದಕ್ಕಿಂತ ಹೆಚ್ಚು ಸೇವಿಸುವುದು.

3. ಸಂಸ್ಕರಣೆ ಸರಿಯಾಗಿ ಆಗದ ಸರಕು. ಎರಡು ಗೆಡ್ಡೆಗಳು ಕಣ್ಣಿಗೆ ಒಂದೇ ಥರ ಕಂಡರೂ ಬೆಳೆದ ಸ್ಥಳ, ಕಿತ್ತ ಕಾಲ, ಬೇಯಿಸಿದ ರೀತಿಗೆ ತಕ್ಕಂತೆ ವಿಷದ ಪ್ರಮಾಣ ಬದಲಾಗುತ್ತದೆ. ಹೋದ ತಿಂಗಳು ಏನೂ ಆಗಲಿಲ್ಲವೆಂದು ಈ ತಿಂಗಳ ಪೊಟ್ಟಣವನ್ನು ನಂಬುವಂತಿಲ್ಲ.

4. ಮದ್ಯದಲ್ಲಿ ನೆನೆಸಿದ ಮದ್ದು. ಗಂಟುನೋವಿಗೆ ಬೇರನ್ನು ಮದ್ಯದಲ್ಲಿ ನೆನೆಹಾಕಿ ಮೈಗೆ ಹಚ್ಚುವ ರೂಢಿ ಚೀನಾದ ಹಲವೆಡೆ ಇದೆ. ಕೆಲವರು ಅದನ್ನು ಕುಡಿದು, ಇನ್ನು ಕೆಲವರು ಸಾಮಾನ್ಯ ಪಾನೀಯವೆಂದು ತಪ್ಪು ತಿಳಿದು ಕುಡಿದು ಸತ್ತಿದ್ದಾರೆ. ಮದ್ಯ ನಮಗೆ ಹೇಗೂ ನಿಷಿದ್ಧ. ಆದರೆ ಇದರಲ್ಲಿ ಎಲ್ಲರಿಗೂ ತಿಳಿದಿರಬೇಕಾದ ಒಂದು ಅಂಶವಿದೆ. ಮದ್ಯಸಾರ ವಿಷವನ್ನು ಬೇರಿನಿಂದ ಚೆನ್ನಾಗಿ ಹೀರಿ ತೆಗೆಯುತ್ತದೆ, ಆದರೆ ಕುದಿಸಿದಂತೆ ಅದನ್ನು ಒಡೆಯುವುದಿಲ್ಲ. ಆದ್ದರಿಂದ ಇದು ಮದ್ದಿನ ರೂಪಗಳಲ್ಲೆಲ್ಲ ಅತ್ಯಂತ ಅಪಾಯಕಾರಿ.

5. ಗಾಯವಾದ ಚರ್ಮಕ್ಕೆ ಹಚ್ಚುವುದು. ಈ ವಿಷ ಚರ್ಮದ ಮೂಲಕವೂ ಒಳಸೇರುತ್ತದೆ. ತರಚಿದ, ಬಿರುಕುಬಿಟ್ಟ ಚರ್ಮವಾದರೆ ಇನ್ನೂ ಬೇಗ.

6. ಒಂದರ ಬದಲು ಇನ್ನೊಂದು ಬೆರೆಯುವುದು. 2017ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದು ಅಂಗಡಿಯಿಂದ ತಂದ ಮೂಲಿಕೆ ಚಹಾ ಕುಡಿದ ಇಬ್ಬರು ತೀವ್ರ ಅಸ್ವಸ್ಥರಾದರು. ಒಬ್ಬ ಮಹಿಳೆ ತೀರಿಹೋದರು. ಚಹಾದಲ್ಲಿ ಅಕೋನಿಟಿನ್ ಪತ್ತೆಯಾಯಿತು. 2022ರಲ್ಲಿ ಕೆನಡಾದಲ್ಲಿ ಅಡುಗೆಗೆ ಬಳಸುವ, ಶುಂಠಿ ಜಾತಿಯ ಒಂದು ಬೇರಿನ ಪುಡಿಯಲ್ಲಿ ಅಕೋನಿಟಿನ್ ಇದ್ದದ್ದು ಕಂಡುಬಂತು. ಊಟಕ್ಕೆ ಹೋದವರು ವಿಷ ತಿಂದು ಆಸ್ಪತ್ರೆ ಸೇರಿದರು. ಒಣಗಿದ ಬೇರು ಬೇರಿನಂತೆಯೇ ಕಾಣುತ್ತದೆ. ಪುಡಿಯಾದ ಮೇಲಂತೂ ಗುರುತಿಸುವುದು ಯಾರಿಂದಲೂ ಆಗದು.

ನಮ್ಮಲ್ಲಿರುವ ಬಂಧು

ಹಿಮಾಲಯದಲ್ಲಿ ಬೆಳೆಯುವ ಅಕೋನಿಟಮ್ ಫೆರೋಕ್ಸ್ ಎಂಬ ಜಾತಿಯನ್ನು ಆಯುರ್ವೇದ ವತ್ಸನಾಭಿ ಎಂದು ಕರೆಯುತ್ತದೆ. ಯುನಾನಿಯಲ್ಲಿ ಅಕೋನಿಟಮ್ ಬೇರಿಗೆ ‘ಬೀಶ್’ ಎಂದು ಹೆಸರು. ಉರ್ದುವಿನಲ್ಲಿ ‘ಬಚ್‌ನಾಗ್’ ಎಂದೂ ಹೇಳುತ್ತಾರೆ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಬೀಶನ್ನು ಮಾರಕ ವಿಷಗಳ ಸಾಲಿನಲ್ಲಿ ಸೇರಿಸಿದ್ದಾರೆ. ಚೀನಾದಲ್ಲಿ ಉಪ್ಪುನೀರು ಇದ್ದಂತೆ ಆಯುರ್ವೇದದಲ್ಲಿ ಗೋಮೂತ್ರ ಅಥವಾ ಹಾಲಿನಲ್ಲಿ ಶೋಧನೆ ಮಾಡುವ ಕ್ರಮವಿದೆ. ಯುನಾನಿಯಲ್ಲಿ ಹೀಗೆ ವಿಷ ಇಳಿಸಿದ ಮದ್ದನ್ನು ‘ಮುದಬ್ಬರ್’ ಎನ್ನುತ್ತಾರೆ. ಮೂರು ವೈದ್ಯ ಪದ್ಧತಿಗಳೂ ಹೇಳುವುದು ಒಂದೇ: ಇದನ್ನು ಹಾಗೆಯೇ ಮುಟ್ಟಬೇಡಿ.

ಜ್ವರಕ್ಕೆ ಕೊಡುವ ಮೃತ್ಯುಂಜಯ ರಸ, ತ್ರಿಭುವನಕೀರ್ತಿ ರಸ ಮುಂತಾದ ಔಷಧಗಳಲ್ಲಿ ಶೋಧಿಸಿದ ವತ್ಸನಾಭಿ ಇರುತ್ತದೆ. ನಮ್ಮ ದೇಶದ ಔಷಧ ನಿಯಮಾವಳಿಯ ‘ಇ(1)’ ಅನುಸೂಚಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ವಿಷದ್ರವ್ಯಗಳ ಪಟ್ಟಿಯಿದ್ದು, ಇದೂ ಅದರಲ್ಲಿದೆ. ಇಂಥ ದ್ರವ್ಯವಿರುವ, ಹೊಟ್ಟೆಗೆ ಕೊಡುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಬಿಡುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗಬಹುದು.

ಹೆಸರುಗಳ ಗೊಂದಲ ಇನ್ನೊಂದು ಅಪಾಯ. ಮಕ್ಕಳ ಜ್ವರ, ಭೇದಿಗೆ ಬಳಸುವ ‘ಅತಿವಿಷ’ ಕೂಡ ಅಕೋನಿಟಮ್ ಕುಲದ್ದೇ. ಹೆಸರಿನಲ್ಲಿ ವಿಷವಿದ್ದರೂ ಅದರಲ್ಲಿ ಅಕೋನಿಟಿನ್‌ನಂಥ ಘೋರ ವಿಷವಿಲ್ಲ. ಆದರೆ ಅದರ ಬದಲು ಇದೇ ಕುಲದ ಬೇರೆ ಬೇರು ಕೈಗೆ ಬಂದರೆ? ಇನ್ನು ‘ಬಚ್‌ನಾಗ್’ ಎಂಬ ಹೆಸರನ್ನು ಮರಾಠಿಯಲ್ಲಿ ಅಗ್ನಿಶಿಖೆ ಬಳ್ಳಿಗೂ ಬಳಸುವುದುಂಟು. ಬೆಂಕಿಯ ನಾಲಗೆಯಂಥ ಕೆಂಪು-ಹಳದಿ ಹೂ ಬಿಡುವ ಈ ಬಳ್ಳಿ ನಮ್ಮ ಕರ್ನಾಟಕದ ಬೇಲಿಗಳಲ್ಲೂ ಕಾಣುತ್ತದೆ. ಅದರ ಗೆಡ್ಡೆಯೂ ಮಾರಕ ವಿಷವೇ, ಆದರೆ ಒಳಗಿರುವುದು ಕೋಲ್ಚಿಸಿನ್ ಎಂಬ ಬೇರೆಯೇ ವಸ್ತು, ಚಿಕಿತ್ಸೆಯೂ ಬೇರೆ. ಗ್ರಂಧಿಗೆ ಅಂಗಡಿಯಲ್ಲಿ ಹೆಸರು ಹೇಳಿ ಬೇರು ಕೇಳುವಾಗ ನಿಮ್ಮ ಮನಸ್ಸಿನಲ್ಲಿರುವುದೂ ಅಂಗಡಿಯವರು ಕೊಡುವುದೂ ಒಂದೇ ಎಂದು ಖಚಿತವಾಗಿ ಹೇಳಲಾಗದು.

ಲಕ್ಷಣಗಳನ್ನು ಗುರುತಿಸಿ

ಮದ್ದು ಸೇವಿಸಿದ ಹತ್ತು ನಿಮಿಷದಿಂದ ಎರಡು ಗಂಟೆಯೊಳಗೆ ಸಾಮಾನ್ಯವಾಗಿ ಲಕ್ಷಣಗಳು ಶುರುವಾಗುತ್ತವೆ.

ಮೊದಲು ತುಟಿ, ನಾಲಗೆಯಲ್ಲಿ ಜುಮುಜುಮು, ಆಮೇಲೆ ಜೋಮು. ಅದು ಮುಖಕ್ಕೆ, ಕೈಕಾಲುಗಳಿಗೆ ಹರಡುತ್ತದೆ. ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ ಬರಬಹುದು. ಕೈಕಾಲು ಸೋಲುತ್ತವೆ. ಎದೆ ಡವಗುಟ್ಟುತ್ತದೆ, ತಲೆ ಸುತ್ತುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಪ್ರಜ್ಞೆ ತಪ್ಪಬಹುದು.

ನಾಲಗೆ ಜೋಮು ಹಿಡಿದರೆ “ಮದ್ದು ನಾಟುತ್ತಿದೆ” ಎಂದು ಸಮಾಧಾನಪಡುವವರಿದ್ದಾರೆ. ಅದು ಮದ್ದು ನಾಟುವ ಗುರುತಲ್ಲ, ವಿಷ ಏರುತ್ತಿರುವ ಗುರುತು. ಆ ಕ್ಷಣದಿಂದ ಒಂದು ಗುಟುಕೂ ಒಳಗೆ ಹೋಗಬಾರದು.

ಆಗ ಏನು ಮಾಡಬೇಕು?

• ತಡಮಾಡದೆ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಇಸಿಜಿ ಮತ್ತು ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯಾದರೆ ಉತ್ತಮ. ಈಗ ಚೆನ್ನಾಗಿದ್ದಾರೆಂದು ಕಾಯಬೇಡಿ. ಹೃದಯದ ತಾಳ ಹಠಾತ್ತನೆ ತಪ್ಪಬಹುದು.

• ಮನೆಯಲ್ಲಿ ವಾಂತಿ ಮಾಡಿಸಬೇಡಿ. ಪ್ರಜ್ಞೆ ಮಂಕಾದವರಿಗೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಹಾಲು, ತುಪ್ಪ, ನಿಂಬೆರಸ ಯಾವುದೂ ಈ ವಿಷವನ್ನು ಇಳಿಸುವುದಿಲ್ಲ.

• ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ನಿಂತಿದ್ದರೆ, ಗೊತ್ತಿರುವವರು ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕೂಡಲೇ ಶುರುಮಾಡಲಿ.

• ಉಳಿದ ಪುಡಿ, ಬೇರು, ಕಷಾಯ, ಡಬ್ಬಿ, ಚೀಟಿ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ಸೇವಿಸಿದರು ಎಂದು ಹೇಳಿ.

• ವೈದ್ಯರಿಂದ ಏನನ್ನೂ ಮುಚ್ಚಿಡಬೇಡಿ. “ನಾಟಿ ಮದ್ದು ತಗೊಂಡಿದ್ದಕ್ಕೆ ಬೈಯುತ್ತಾರೆ” ಎಂದು ಸುಮ್ಮನಿದ್ದರೆ ವೈದ್ಯರು ಸಾಮಾನ್ಯ ಹೃದಯಾಘಾತವೆಂದು ತಿಳಿದು ಚಿಕಿತ್ಸೆ ಮಾಡಬಹುದು. ಆಸ್ಪತ್ರೆಯವರು ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಸಲಹೆಯನ್ನೂ ಪಡೆಯಬಹುದು.

ಈ ವಿಷಕ್ಕೆ ನೇರ ಪ್ರತಿವಿಷವಿಲ್ಲ. ಹೃದಯದ ತಾಳವನ್ನು ಸರಿಪಡಿಸುವ ಔಷಧಗಳನ್ನು ಕೊಡುತ್ತಾ, ರಕ್ತದೊತ್ತಡ ಮತ್ತು ಉಸಿರಾಟ ಕಾಯುತ್ತಾ, ದೇಹ ವಿಷವನ್ನು ಹೊರಹಾಕುವವರೆಗೆ ರೋಗಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಸಮಾಧಾನದ ಸಂಗತಿಯೆಂದರೆ, ಸಕಾಲದಲ್ಲಿ ಆಸ್ಪತ್ರೆ ಸೇರಿ ಮೊದಲ ದಿನ ದಾಟಿದವರು ಹೆಚ್ಚಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಮದ್ದು ಕೊಳ್ಳುವ ಮೊದಲು ಐದು ಪ್ರಶ್ನೆ

ನೋವಿನಲ್ಲಿರುವವರಿಗೆ ಉಪದೇಶ ರುಚಿಸುವುದಿಲ್ಲ. ಮಂಡಿ ನೋವಿನಿಂದ ನಮಾಝಿನಲ್ಲಿ ಕೂರಲಾಗದೆ ಕುರ್ಚಿ ಹಿಡಿದ ಹಿರಿಯರು ಯಾರು ಏನು ಕೊಟ್ಟರೂ ನುಂಗಲು ಸಿದ್ಧರಿರುತ್ತಾರೆ. ಅವರನ್ನು ಗದರಿಸಿ ಫಲವಿಲ್ಲ. ಮದ್ದಿನ ಪೊಟ್ಟಣವನ್ನು ಕೈಗೆ ತೆಗೆದುಕೊಂಡು, ಅವರ ಪರವಾಗಿ ನೀವು ಈ ಪ್ರಶ್ನೆಗಳನ್ನು ಕೇಳಿ:

ಇದರಲ್ಲಿ ಏನೇನಿದೆ? ಹೆಸರು ಹೇಳಲು ಒಪ್ಪದ ಗುಟ್ಟಿನ ಮದ್ದು ಬೇಡ.

ಕೊಡುವವರು ನೋಂದಾಯಿತ ಹಕೀಮರೋ ವೈದ್ಯರೋ ಹೌದೇ?

ಡಬ್ಬಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ, ಎಚ್ಚರಿಕೆಯ ಮಾತು ಇದೆಯೇ?

ಈಗಾಗಲೇ ಸೇವಿಸುತ್ತಿರುವ ರಕ್ತದೊತ್ತಡದ, ಹೃದಯದ ಮಾತ್ರೆಗಳ ಬಗ್ಗೆ ಅವರಿಗೆ ತಿಳಿಸಿದ್ದೇವೆಯೇ?

ಗರ್ಭಿಣಿ, ಬಾಣಂತಿ, ಮಗು, ಹೃದ್ರೋಗಿ ಇವರಲ್ಲಿ ಯಾರಿಗಾದರೂ ಕೊಡಲಾಗುತ್ತಿದೆಯೇ? ಹಾಗಿದ್ದರೆ ತಜ್ಞರನ್ನು ಕೇಳದೆ ಬೇಡವೇ ಬೇಡ.

ಮೈಗೆ ಹಚ್ಚುವ ಎಣ್ಣೆ, ಲೇಪಗಳನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಗೆ ಯಾವ ಮದ್ದನ್ನೂ ತುಂಬಿಡಬೇಡಿ. ಹಚ್ಚಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಬೇರು ಅರೆದ ಕಲ್ಲು, ಮಿಕ್ಸಿಯನ್ನು ಅಡುಗೆಗೆ ಬಳಸಬೇಡಿ.

ಮೂಲಿಕೆ ವೈದ್ಯವನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ಫೂಝಿಯ ಕತೆಯಲ್ಲಿ ಆ ವೈದ್ಯದ ದೊಡ್ಡತನವೂ ಇದೆ. ವಿಷವನ್ನು ಗುರುತಿಸಿ, ಇಳಿಸಿ, ಅಳೆದು ಮದ್ದಾಗಿಸಿದ ಶ್ರಮ ಸಣ್ಣದಲ್ಲ. ಆ ಶ್ರಮವನ್ನೆಲ್ಲ ಬಿಟ್ಟು ಬೇರನ್ನು ಮಾತ್ರ ತೆಗೆದುಕೊಂಡರೆ ಕೈಯಲ್ಲಿ ಉಳಿಯುವುದು ಬಾಣಕ್ಕೆ ಸವರುತ್ತಿದ್ದ ವಿಷವೇ. ಇಂದೇ ಮನೆಯ ಮದ್ದಿನ ಪೆಟ್ಟಿಗೆ ತೆರೆದು ನೋಡಿ. ಹೆಸರಿಲ್ಲದ ಪುಡಿ, ಯಾರು ತಂದರೆಂದು ನೆನಪಿಲ್ಲದ ಬೇರು, ಚೀಟಿ ಕಿತ್ತುಹೋದ ಸೀಸೆ ಇದ್ದರೆ ರುಚಿ ನೋಡಲು ಹೋಗದೆ ಹೊರಗೆ ಹಾಕಿ.